ಯಾವ ತುತ್ತು

ಆ ಮನೆಯಲ್ಲಿ ಮೊದಲ ಜಗಳ ಹುಟ್ಟಿದ್ದು ಫ್ರೀಜರಿನೊಳಗೆ.

ಬೆಳಗ್ಗೆ ಬಟಾಣಿ ತೆಗೆಯೋಣವೆಂದು ಅತ್ತೆ ಅದರ ಬಾಗಿಲು ತೆರೆದರೆ ಒಳಗೆ ಕೈ ತೂರಿಸಲು ಜಾಗವಿಲ್ಲ. ಬಾಳೆಹಣ್ಣಿನ ಬಿಲ್ಲೆಗಳು, ಮಾವಿನ ಹೋಳುಗಳು, ಪಪ್ಪಾಯಿಯ ಚೂರುಗಳು, ಎಲ್ಲವೂ ಪ್ಲಾಸ್ಟಿಕ್ ಚೀಲಗಳಲ್ಲಿ ಕಲ್ಲಾಗಿ ಒಂದರ ಮೇಲೊಂದು ಕೂತಿದ್ದವು.

"ನನ್ನ ಬಟಾಣೀನ ಒಕ್ಕಲೆಬ್ಬಿಸಿದ್ದು ಯಾರೇ?" ಎಂದು ಅವರು ಕೂಗಿದರು.

"ಕೆಳಗಿನ ಖಾನೇಲಿ ಇಟ್ಟಿದೀನಿ ಅಜ್ಜಿ," ಎಂದಳು ಮೊಮ್ಮಗಳು.

"ಕೆಳಗಿಟ್ರೆ ನಾಳೆಗೆ ಕೊಳೆಯುತ್ತೆ."

"ಹಾಗಾದ್ರೆ ಇವತ್ತೇ ಬೇಯಿಸ್ಬಿಡಿ."

"ನೋಡಿದ್ಯಾ ಮಾತು! ಇವಳ ಹಣ್ಣಿಗೆ ಹಾಸಿಗೆ, ನನ್ನ ಬಟಾಣಿಗೆ ಬೀದಿ." ಅತ್ತೆ ಸೊಸೆಯ ಕಡೆ ತಿರುಗಿದರು. "ನೀನು ಬಾಯಿಗೆ ಬೀಗ ಹಾಕ್ಕೊಂಡು ನಿಂತಿದೀಯಲ್ಲ, ನಿನ್ನ ಮಗಳಿಗೆ ಒಂದು ಮಾತು ಹೇಳಬಾರ್ದಾ?"

ಸೊಸೆ ಚೀಲ ಹೆಗಲಿಗೇರಿಸಿದಳು. ಅವಳಿಗೆ ಕೆಲಸಕ್ಕೆ ಹೊತ್ತಾಗಿತ್ತು. ದೊಡ್ಡ ಹೋಟೆಲೊಂದರ ನೆಲಮಾಳಿಗೆಯ ಲಾಂಡ್ರಿಯಲ್ಲಿ ಅವಳ ಕೆಲಸ. ಒದ್ದೆ ಹಾಸುಬಟ್ಟೆಗಳನ್ನು ಕಾದ ಉರುಳೆಗಳ ನಡುವೆ ತೂರಿಸಿ, ಆಚೆಯಿಂದ ಬರುವುದನ್ನು ಮಡಿಸಬೇಕು. ಅದೂ ಅಲ್ಲದೆ ಒಳಗೊಳಗೇ ಅವಳಿಗೆ ಸಂತೋಷವಾಗಿತ್ತು. ಮಗಳು ಚಿಕ್ಕಂದಿನಿಂದ ಕಾಳು ಹೆಕ್ಕಿದ ಹಾಗೆ ತಿನ್ನುವವಳು, ಅದಕ್ಕೇ ಅವಳಿಗೆ ಗುಬ್ಬಿ ಎಂದು ಹೆಸರು ಬಿದ್ದಿತ್ತು. ಈಗ ಕಾಲೇಜು ಹುಡುಗಿ. ಯಾವುದೋ ವಿಡಿಯೋ ನೋಡಿ ಸ್ಮೂದಿ ಬೌಲ್ ಮಾಡುವುದನ್ನು ಕಲಿತ ಮೇಲೆ ದಿನಾ ಬೆಳಗ್ಗೆ ಒಂದು ಬಟ್ಟಲು ತುಂಬ ತಿಂದು ಹೋಗುತ್ತಿದ್ದಳು. ಹೆಪ್ಪುಗಟ್ಟಿದ ಹಣ್ಣನ್ನು ಗಟ್ಟಿ ಮೊಸರಿನ ಜೊತೆ ಮಿಕ್ಸಿಗೆ ಹಾಕಿ, ಅದು ಗುರ್ ಎಂದು ಮುಷ್ಕರ ಹೂಡಿದಾಗಲೆಲ್ಲ ನಿಲ್ಲಿಸಿ, ಚಮಚದಿಂದ ಕೆಳಕ್ಕೆ ತಳ್ಳಿ, ಮತ್ತೆ ತಿರುಗಿಸಿ, ಕೊನೆಗೆ ಬಟ್ಟಲಿಗೆ ಸುರಿದು ಮೇಲೆ ಹಣ್ಣಿನ ಹೋಳು, ಬಾದಾಮಿ ಚೂರು, ಸೂರ್ಯಕಾಂತಿ ಬೀಜಗಳನ್ನು ಸಾಲಾಗಿ ಜೋಡಿಸುವಳು. ಅತ್ತೆಯ ನಾಲಿಗೆಗೆ ಸ್ಮೂದಿ ಎನ್ನುವುದು ಒಗ್ಗಲೇ ಇಲ್ಲ. ಅವರು ಅದನ್ನು ಸುಮತಿ ಎಂದೇ ಕರೆದರು.

"ಎದ್ಲಾ ನಿಮ್ಮ ಸುಮತಿ? ಬೆಳಗಾದ್ರೆ ಸಾಕು, ಗುರ್ರ್ ಅಂತ ಶುರು ಹಚ್ಕೋತಾಳೆ."

"ನಿನ್ನ ಮಗಳು ಮನೆಗೆ ಸವತಿ ತಂದಿದಾಳೆ ಕಣೇ," ಎಂದು ಗಂಡ ಹೆಂಡತಿಯನ್ನು ಛೇಡಿಸಿದ.

ಗಂಡನದು ಲಿಫ್ಟ್ ರಿಪೇರಿ ಕೆಲಸ. ಎತ್ತರದ ಕಟ್ಟಡಗಳ ನೆತ್ತಿಯ ಮೇಲೆ ಮೋಟಾರು ಕೂರಿಸಿರುವ ಸಣ್ಣ ಕೋಣೆಗಳಲ್ಲೇ ಅರ್ಧ ಆಯುಸ್ಸು ಕಳೆದವನು. ಬೀದಿಯವರೆಲ್ಲ ಅವನನ್ನು ಲಿಫ್ಟಣ್ಣ ಎನ್ನುತ್ತಿದ್ದರು. ಏನೇ ತಿಂದರೂ ಅವನಿಗೆ ಅದು ಹಲ್ಲಿಗೆ ಸಿಗಬೇಕು. ಬ್ರೆಡ್ಡನ್ನು ಎರಡೆರಡು ಸಲ ಸುಡಿಸಿಕೊಂಡು, ಅಂಚಿನ ಗಟ್ಟಿ ಭಾಗ ತನಗೇ ಬೇಕೆಂದು ತಾಯಿಯ ಹತ್ತಿರ ಹಟ ಮಾಡುವವನು.

"ಇದನ್ನ ಕುಡಿಯೋದಾ, ತಿನ್ನೋದಾ?" ಎಂದು ಒಂದು ದಿನ ಮಗಳ ಬಟ್ಟಲನ್ನು ಬಗ್ಗಿ ನೋಡಿದ.

"ತಿನ್ನೋದು ಅಪ್ಪ. ಚಮಚದಲ್ಲಿ."

"ಹಾಗಾದ್ರೆ ಹಲ್ಲಿಗೇನು ಕೆಲ್ಸ?"

"ಒಂದು ಸಲ ತಿಂದು ನೋಡು, ಆಮೇಲೆ ಮಾತಾಡು."

ಅವನು ಒಂದು ಚಮಚ ತಿಂದ. ಮುಖ ಗಂಭೀರ ಮಾಡಿಕೊಂಡು, "ಸುಮತಿ ಒಳ್ಳೆಯವಳೇ. ಆದ್ರೆ ನನಗೆ ವಯಸ್ಸಾಗ್ಲಿ, ಹಲ್ಲೆಲ್ಲ ಉದುರ್ಲಿ, ಆಗ ಬರ್ಲಿ," ಎಂದ. ಎಲ್ಲರೂ ನಕ್ಕರು, ಅತ್ತೆ ಕೂಡ.

ಅದಾದ ಮೇಲೆ ಒಂದು ಮಧ್ಯಾಹ್ನ ಅವನು ಒಂದು ಕಚೇರಿ ಕಟ್ಟಡದ ಮೋಟಾರು ಕೋಣೆಯಲ್ಲಿ ಕೈಯಲ್ಲಿದ್ದ ಸ್ಪ್ಯಾನರ್ ಬಿಟ್ಟು ಗೋಡೆಗೊರಗಿ ಕುಸಿದ. ಜೊತೆಯ ಕೆಲಸಗಾರ ಅವನನ್ನು ಹೆಗಲಿಗೆ ಹಾಕಿಕೊಂಡು, ತಾವಿಬ್ಬರೂ ಅದೇ ತಾನೆ ರಿಪೇರಿ ಮಾಡಿದ್ದ ಲಿಫ್ಟಿನಲ್ಲೇ ಕೆಳಗೆ ತಂದ. ಲಾಂಡ್ರಿಗೆ ಫೋನ್ ಬಂದಾಗ ಉರುಳೆಯ ಸದ್ದಿನಲ್ಲಿ ಹೆಂಡತಿಗೆ ಕೇಳಿಸಿದ್ದು ಗಂಡನ ಹೆಸರು ಮತ್ತು ಆಸ್ಪತ್ರೆ ಎಂಬ ಮಾತು, ಅಷ್ಟೇ. ಅರ್ಧ ತೂರಿಸಿದ್ದ ಹಾಸುಬಟ್ಟೆಯನ್ನು ಹಾಗೇ ಬಿಟ್ಟು ಓಡಿದಳು.

ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಜೀವ ಉಳಿಯಿತು. ಎಡಗೈ, ಎಡಗಾಲು, ಬಾಯಿಯ ಎಡಭಾಗ ಮಾತು ಕೇಳಲಿಲ್ಲ. ಎಲ್ಲಕ್ಕಿಂತ ಕಷ್ಟವಾದದ್ದು ನುಂಗುವುದು. ನೀರು ಕುಡಿಸಿದರೆ ಅದು ಹೊಟ್ಟೆಗೆ ಹೋಗುವ ಬದಲು ಶ್ವಾಸದ ದಾರಿ ಹಿಡಿಯುತ್ತಿತ್ತು. ಕೆಲವು ವಾರ ಮೂಗಿನ ಮೂಲಕ ನಳಿಕೆಯಲ್ಲಿ ಆಹಾರ ಕೊಟ್ಟರು. ನಳಿಕೆ ತೆಗೆಯುವ ದಿನ, ನುಂಗುವುದನ್ನು ಮತ್ತೆ ಕಲಿಸುವ ತಜ್ಞೆಯೊಬ್ಬಳು ಮನೆಯವರನ್ನೆಲ್ಲ ಕೂರಿಸಿಕೊಂಡು ಹೇಳಿದಳು:

"ನೀರಾಗಿ ಇರಬಾರ್ದು. ಅಗಿಯೋ ಹಾಗೂ ಇರಬಾರ್ದು. ಚಮಚ ಓರೆ ಮಾಡಿದ್ರೆ ಹರಿಯಬಾರ್ದು, ಇಡೀ ತುತ್ತು ಒಂದೇ ಸಲಕ್ಕೆ ಜಾರಿ ಬೀಳ್ಬೇಕು. ಅಂಥದ್ದು ಏನು ಬೇಕಾದ್ರೂ ಕೊಡಿ."

ಗುಬ್ಬಿಯ ಕಣ್ಣು ಅರಳಿತು. "ಅಮ್ಮ, ಅದು ನನ್ನ ಬಟ್ಲು!"

ತಜ್ಞೆ ಅವಳಿಂದ ಎಲ್ಲ ಕೇಳಿ ತಿಳಿದುಕೊಂಡು ನಕ್ಕಳು. "ತುಂಬ ಒಳ್ಳೇದು. ಆದ್ರೆ ಮೇಲೆ ಬೀಜ, ಚೂರು ಒಂದೂ ಬೇಡ. ಇನ್ನೊಂದು ಮುಖ್ಯ. ಫ್ರೀಜರಿನ ಹಣ್ಣು ಹಾಕ್ಬೇಡ. ಮಾಡಿದಾಗ ಗಟ್ಟಿ ಕಾಣುತ್ತೆ, ಬಾಯಲ್ಲಿ ಕರಗಿ ನೀರಾಗುತ್ತೆ. ತಾಜಾ ಬಾಳೆಹಣ್ಣು, ಬೇಯಿಸಿದ ಓಟ್ಸು, ಬೆಣ್ಣೆಹಣ್ಣು, ಇವುಗಳಿಂದ ಗಟ್ಟಿ ಮಾಡ್ಕೋ."

ಹೀಗೆ ಹುಡುಗಿಯ ಶೋಕಿ ಮನೆಯ ಒಲೆಯಾಯಿತು. ಬೆಳಗ್ಗೆ ಗುಬ್ಬಿ ಓಟ್ಸ್ ಬೇಯಿಸಿ ಆರಿಸುವಳು. ಹಣ್ಣು ರುಬ್ಬಿ ಜರಡಿಗೆ ಹಾಕಿ, ಚಮಚದ ಬೆನ್ನಿನಿಂದ ಉಜ್ಜಿ ಉಜ್ಜಿ ನಾರು, ಬೀಜ ಬೇರೆ ಮಾಡುವಳು. ಮೇಲೆ ಏನೂ ಉದುರಿಸುವಂತಿಲ್ಲವಲ್ಲ, ಅದಕ್ಕೆ ಮಾವಿನ ಹಳದಿ ತಿರುಳಿನಿಂದ ಬಟ್ಟಲ ಮೇಲೆ ಒಂದು ದಿನ ಸೂರ್ಯ, ಒಂದು ದಿನ ಮೀನು, ಒಂದು ದಿನ ಲಿಫ್ಟಿನ ಗುಂಡಿ ಬರೆಯುವಳು. ಸೊಸೆ ಬೆಳಗಿನ ಪಾಳಿಗೆ ಹೋಗಬೇಕು, ಮೊಮ್ಮಗಳು ಕಾಲೇಜಿಗೆ. ಹಾಗಾಗಿ ತಿನ್ನಿಸುವ ಕೆಲಸ ಅತ್ತೆಯ ಪಾಲಿಗೆ ಬಂತು. ಅವರು ಮಗನನ್ನು ನೆಟ್ಟಗೆ ಕೂರಿಸಿ, ಕುತ್ತಿಗೆಗೆ ಟವೆಲ್ ಕಟ್ಟಿ, ಒಂದೊಂದು ತುತ್ತಿಗೂ ಗಂಟಲನ್ನೇ ನೋಡುತ್ತ ಕೂರುತ್ತಿದ್ದರು.

"ಗದ್ದ ಕೆಳಗೆ ಮಾಡು. ಹೂಂ, ನುಂಗು. ಇನ್ನೊಂದ್ಸಲ ನುಂಗು. ಜಾಣ."

"ನಾನೇನು... ಮಗೂನಾ?" ಅವನ ಮಾತು ಬಾಯಿಯ ಬಲಗಡೆಯಿಂದ ತೊದಲುತ್ತ ಬರುತ್ತಿತ್ತು.

"ನನಗೆ ಇನ್ನೇನು? ಮುದುಕನಾ?"

ಮೊದಮೊದಲು ಅವನು ಎಲ್ಲವನ್ನೂ ತಿಂದ. ಮೀನಿನ ಚಿತ್ರ ಕಂಡರೆ ಬಲಗೈಯಿಂದ ಗಾಳ ಹಾಕಿದಂತೆ ಮಾಡಿ ಮಗಳನ್ನು ನಗಿಸಿದ. ವಾರಗಳು ಕಳೆದಂತೆ ಬಟ್ಟಲು ಕಂಡರೆ ಮುಖ ತಿರುಗಿಸತೊಡಗಿದ. ಹಸಿರಾದರೇನು, ಹಳದಿಯಾದರೇನು, ಎಲ್ಲವೂ ಒಂದೇ ಮೆತ್ತಗೆ, ಒಂದೇ ನುಣುಪು. ಮನೆಯವರು ಊಟಕ್ಕೆ ಕೂತಾಗ ಅವರ ದವಡೆಗಳನ್ನೇ ನೋಡುತ್ತಿದ್ದ. ಹಾಗೆ ನೋಡುತ್ತಾನೆಂದು ಅವರು ಅಡಿಗೆಮನೆಯಲ್ಲಿ ಕದ್ದು ತಿನ್ನಲು ಶುರುಮಾಡಿದರು. ಅದರಿಂದ ಅವನಿಗೆ ಇನ್ನೂ ನೋವಾಯಿತು.

"ಕಚ್... ಕಚ್ಬೇಕು," ಎಂದ ಒಂದು ಸಂಜೆ.

"ಏನು ಕಚ್ಬೇಕು?" ಎಂದಳು ಹೆಂಡತಿ.

"ಬ್ರೆಡ್ಡು."

"ಆಗಲ್ಲ ರೀ. ಡಾಕ್ಟರು ಗಂಟಲು ಸರಿಹೋಗಲಿ ಅಂದಿದಾರೆ. ಸ್ವಲ್ಪ ದಿನ ತಡೀರಿ."

ಅವನು ಬಲಗೈಯಿಂದ ಬಟ್ಟಲನ್ನು ತಳ್ಳಿದ. ಅದು ನೆಲಕ್ಕೆ ಬಿದ್ದು, ಗುಬ್ಬಿ ಅರ್ಧ ಗಂಟೆ ಜರಡಿ ಹಿಡಿದು ಮಾಡಿದ್ದೆಲ್ಲ ಚಾಪೆಯ ಮೇಲೆ ಹರಡಿತು. ಗುಬ್ಬಿಯೇ ಬಟ್ಟೆ ತಂದು ಒರೆಸಿದಳು.

ಅಡಿಗೆಮನೆಯಲ್ಲಿ ಅತ್ತೆ ಸೊಸೆಯನ್ನು ತಡೆದು ನಿಲ್ಲಿಸಿದರು. "ಹಾಲಲ್ಲಿ ನೆನೆಸಿ ಒಂದು ಚೂರು ಕೊಟ್ರೆ ಏನಾಗುತ್ತೆ? ನಾನು ಹತ್ರ ಕೂತು ನೋಡ್ಕೋತೀನಿ."

"ನೀವು ನೋಡ್ಕೊಂಡ್ರೆ ಅದು ಗಂಟಲಲ್ಲಿ ದಾರಿ ತಪ್ಪಲ್ವಾ? ಏನತ್ತೆ ನೀವು!"

"ಆಸೆ ಪಡ್ತಾನಲ್ಲೇ."

"ಆಸೆಗೆ ಪ್ರಾಣ ಕೊಡೋಕಾಗುತ್ತಾ? ಕೊಡಲ್ಲ ಅಂತ ನನಗೆ ಮಾತು ಕೊಡಿ. ಇಲ್ಲಾಂದ್ರೆ ನಾನು ಕೆಲಸ ಬಿಟ್ಟು ಮನೇಲಿ ಕೂರ್ತೀನಿ. ಆಮೇಲೆ ಮನೆ ಹೇಗೆ ನಡೆಯುತ್ತೋ ನೀವೇ ನೋಡಿ."

"ಆಯ್ತಮ್ಮ, ಕೊಡಲ್ಲ," ಎಂದರು ಅತ್ತೆ, ಸೊಸೆಯ ಮುಖ ನೋಡದೆ.

ಗುಬ್ಬಿಯ ಪರೀಕ್ಷೆಗಳು ಶುರುವಾದವು. ಹುಡುಗಿ ಬೆಳಗ್ಗೆ ಪುಸ್ತಕವನ್ನು ಮಿಕ್ಸಿಗೆ ಒರಗಿಸಿಕೊಂಡು ಓದುತ್ತ ಹಣ್ಣು ಹೆಚ್ಚುವುದನ್ನು ಕಂಡು ತಾಯಿ, "ಇವತ್ತು ನಾನೇ ಮಾಡ್ತೀನಿ ಬಿಡೇ," ಎಂದರೆ ಗುಬ್ಬಿ ಒಪ್ಪುತ್ತಿರಲಿಲ್ಲ. "ನಿನಗೆ ಹದ ಗೊತ್ತಿಲ್ಲ. ನೀನು ಹೋಗು, ಬಸ್ಸು ತಪ್ಪುತ್ತೆ."

ಕೊನೆಯ ಪರೀಕ್ಷೆಯ ದಿನವೂ ತಾಯಿ ಹಾಗೇ ಹೋದಳು. ಮಧ್ಯಾಹ್ನ ಲಾಂಡ್ರಿಯಿಂದ ಬಂದಾಗ ಗಂಡ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಉಸಿರಿಗೆ ಗೊರಗೊರ ಸದ್ದು ಸೇರಿತ್ತು. ಹಣೆ ಮುಟ್ಟಿದರೆ ಕೆಂಡ.

"ಯಾವಾಗಿಂದ ಹೀಗಿದಾರೆ?"

"ಬೆಳಗ್ಗೆ ತಿಂದಾಗ ಕೆಮ್ಮಿದ," ಎಂದರು ಅತ್ತೆ. "ಆಮೇಲೆ ಸುಮ್ಮನಾದ. ಮಲಗಿದಾನೆ ಅಂತ ನಾನು..." ಅವರು ಮಗನ ಹೊದಿಕೆಯನ್ನು ಎಳೆದು ಸರಿಮಾಡಿದರು. "ನಾನು ಬ್ರೆಡ್ಡು ಕೊಟ್ಟೆ."

"ಏನು?"

"ಬ್ರೆಡ್ಡಿನ ಅಂಚು. ಕೇಳ್ದ. ಕೈ ಹಿಡ್ಕೊಂಡು ಕೇಳ್ದ. ಕೊಟ್ಟೆ."

ಸೊಸೆ ಫೋನ್ ಕೈಗೆ ತೆಗೆದುಕೊಂಡಳು. ಆಂಬುಲೆನ್ಸ್ ಬಂದು, ಅವನನ್ನು ಮೆಟ್ಟಿಲಿಳಿಸಿ, ಆಸ್ಪತ್ರೆಯಲ್ಲಿ ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡ ಮೇಲೆ, ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದ ಅತ್ತೆಯ ಎದುರು ನಿಂತಳು. ಪರೀಕ್ಷೆಯಿಂದ ನೇರ ಓಡಿಬಂದಿದ್ದ ಗುಬ್ಬಿ ಬ್ಯಾಗನ್ನು ಎದೆಗವಚಿಕೊಂಡು ಗೋಡೆಗೆ ಆತು ನಿಂತಿದ್ದಳು.

"ಮಾತು ಕೊಟ್ಟಿದ್ರಿ ನನಗೆ."

"ಹೌದು."

"ಹೌದು ಅಂತೆ ಹೌದು! ನಾನು ಅಲ್ಲಿ ಹಬೇಲಿ ಬೆಂದು ಬರೋದು ಯಾರಿಗೋಸ್ಕರ? ಈ ಮಗು ಓದೋದು ಬಿಟ್ಟು ಜರಡಿ ಹಿಡಿಯೋದು ಯಾರಿಗೋಸ್ಕರ? ನಾವಿಬ್ರೂ ಕಟ್ಟಿದ್ದನ್ನ ನೀವು ಒಂದು ಚೂರು ಬ್ರೆಡ್ಡಿನಲ್ಲಿ..."

"ಅಮ್ಮ," ಎಂದಳು ಗುಬ್ಬಿ.

"ನೀನು ಸುಮ್ನಿರು! ಇವರು ಕೊಂದುಬಿಟ್ರು ಕಣೇ ನಿಮ್ಮಪ್ಪನ್ನ."

ಆ ಮಾತು ಬಾಯಿಂದ ಬಿದ್ದಾಗ ಅವನು ಇನ್ನೂ ಬದುಕಿದ್ದ. ಅತ್ತೆ ತಲೆ ಎತ್ತಿ ಸೊಸೆಯನ್ನಲ್ಲ, ಮೊಮ್ಮಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ, "ಹೌದಮ್ಮ. ನಾನೇ," ಎಂದರು.

ಅವನು ಕೆಲವು ದಿನ ಹೋರಾಡಿದ. ಎರಡೂ ಶ್ವಾಸಕೋಶಗಳಲ್ಲಿ ಕಫ ತುಂಬಿತ್ತು. ಕೊನೆಯ ಬೆಳಗ್ಗೆ ಹೆಂಡತಿ ಒಬ್ಬಳೇ ಹತ್ತಿರವಿದ್ದಳು. ಅವನ ಬಲಗೈ ಬೆರಳುಗಳು ಅವಳ ಬೆರಳುಗಳ ನಡುವೆ ಮೆಲ್ಲನೆ ಸಡಿಲವಾದವು. ಅದು ನಿದ್ದೆ ಎಂದೇ ತಿಳಿದು ಅವಳು ಸ್ವಲ್ಪ ಹೊತ್ತು ಹಾಗೇ ಕೂತಿದ್ದಳು.

ಆಮೇಲೆ ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದರು. ಅವಳೇ ಕೇಳಿದಳು: "ಬ್ರೆಡ್ಡಿನಿಂದ ಆಯ್ತಾ ಡಾಕ್ಟ್ರೇ?"

"ಹಾಗೆ ಹೇಳೋಕಾಗಲ್ಲಮ್ಮ. ಇಂಥವರಿಗೆ ಅವರ ಎಂಜಲೇ ದಾರಿ ತಪ್ಪಿ ಇಳಿಯುತ್ತೆ, ನಿದ್ದೇಲೂ ಇಳಿಯುತ್ತೆ. ಎಕ್ಸ್‌ರೇ ನೋಡಿದ್ರೆ ಸೋಂಕು ಒಂದೇ ದಿನದ್ದಲ್ಲ, ಮುಂಚೆಯಿಂದ್ಲೇ ಇತ್ತು. ಯಾವುದೋ ಒಂದು ತುತ್ತಿನ ಮೇಲೆ ಹಾಕ್ಬೇಡಿ. ಮನೇಲೂ ಹೇಳಿ, ಯಾರೂ ಮನಸ್ಸಿಗೆ ಹಚ್ಕೋಬೇಡಿ ಅಂತ."

ಅವಳು ತಲೆಯಾಡಿಸಿದಳು. ಮನೆಗೆ ಬಂದಳು. ಹೇಳಲಿಲ್ಲ.

ಮೊದಲ ದಿನ ಜನ ತುಂಬಿದ್ದರು, ಹೇಳಲು ಸಮಯ ಸಿಗಲಿಲ್ಲ ಎಂದುಕೊಂಡಳು. ಜನ ಹೋದ ಮೇಲೆ ನಾಳೆ ಹೇಳಿದರಾಯಿತು ಎಂದುಕೊಂಡಳು. ನಾಳೆ ಬಂದಾಗ ಅತ್ತೆ ಮಗನ ಬನಿಯನ್ನುಗಳನ್ನು ಮಡಿಸುತ್ತ ಕೂತಿದ್ದು ಕಣ್ಣಿಗೆ ಬಿತ್ತು. ಮಡಿಸಲಿ, ಮಡಿಸಿ ಮಡಿಸಿ ಅಳಲಿ ಎನ್ನಿಸಿತು. ಡಾಕ್ಟರ ಮಾತು ಅವಳೊಳಗೇ ಉಳಿಯಿತು.

ಮನೆ ನಡೆಯಿತು. ಮೂವರು ಹೆಂಗಸರು ಒಂದೇ ಸೂರಿನ ಕೆಳಗೆ ಒಬ್ಬರ ದಾರಿಗೆ ಒಬ್ಬರು ಸಿಗದಂತೆ ಓಡಾಡಿದರು. ಅತ್ತೆ ಎಂದಿನಂತೆ ಅಡಿಗೆ ಮಾಡಿ, ಮುಚ್ಚಿಟ್ಟು, ಸೊಸೆ ಕೆಲಸದಿಂದ ಬರುವ ಹೊತ್ತಿಗೆ ಬಟ್ಟೆ ಒಣಹಾಕುವ ನೆಪದಲ್ಲಿ ಮಹಡಿಗೆ ಹೋಗುತ್ತಿದ್ದರು. ಅವರ ತಟ್ಟೆಯಲ್ಲಿ ಬಡಿಸಿಕೊಂಡದ್ದು ಬಡಿಸಿದಂತೆಯೇ ಇರುತ್ತಿತ್ತು. ರವಿಕೆಯ ತೋಳು ಸಡಿಲವಾಯಿತು. ಸೊಸೆ ಅವರೊಡನೆ ಆಡುತ್ತಿದ್ದ ಮಾತುಗಳು ಬೆರಳೆಣಿಕೆಯವು. "ಗ್ಯಾಸು ಮುಗೀತು." "ಹಾಲಿನವನು ಬಂದಿದ್ನಾ?" "ಬಾಗಿಲು ಹಾಕ್ಕೊಳ್ಳಿ."

ಒಮ್ಮೆ ಅತ್ತೆ ಬಾಗಿಲ ಬಳಿ ತಡೆದು ಕೇಳಿದರು. "ನಾನು ಮಗಳ ಮನೆಗೆ ಹೋಗಿ ಇರ್ಲಾ?"

"ನಿಮ್ಮಿಷ್ಟ."

"ನೀನು ಹೋಗು ಅಂದ್ರೆ ಹೋಗ್ತೀನಿ."

"ನಾನು ಹೋಗು ಅನ್ನಲ್ಲ. ಇರಿ ಅಂತ್ಲೂ ಅನ್ನಲ್ಲ."

ಅತ್ತೆ ಹೋಗಲಿಲ್ಲ. "ಗುಬ್ಬಿ ಊಟ ಬಿಟ್ಟಿದಾಳೆ. ಅವಳನ್ನ ನೋಡ್ಕೋಬೇಕು," ಎಂದು ತಮಗೆ ತಾವೇ ಹೇಳಿಕೊಂಡಂತೆ ಹೇಳಿ ಒಳಗೆ ಹೋದರು.

ಅದು ನಿಜವಾಗಿತ್ತು. ಗುಬ್ಬಿ ಮತ್ತೆ ಕಾಳು ಹೆಕ್ಕತೊಡಗಿದ್ದಳು. ಮಿಕ್ಸಿಯನ್ನು ಒರೆಸಿ ಕಪಾಟಿನ ಮೇಲಿನ ಖಾನೆಯಲ್ಲಿ ಹಿಂದಕ್ಕೆ ತಳ್ಳಿಟ್ಟಿದ್ದಳು. ಹಣ್ಣು ಮುಟ್ಟುತ್ತಿರಲಿಲ್ಲ. ರಜೆ ಮುಗಿದು ಕಾಲೇಜಿಗೆ ಹೊರಟು ಬಸ್ ಸ್ಟಾಪಿನಿಂದಲೇ ವಾಪಸು ಬಂದದ್ದನ್ನು ಪಕ್ಕದ ಮನೆಯ ದರ್ಜಿ ಕಂಡು ಹೇಳಿದ. ಅಪ್ಪನ ದುಃಖ, ಹೆಣ್ಣುಮಗು, ಸಮಯ ಬೇಕು ಎಂದು ತಾಯಿ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮನೆಗೆ ಬಂದು ನೋಡಿ ಹೋಗಿದ್ದ ಲಾಂಡ್ರಿಯ ಜೊತೆಯವಳೊಬ್ಬಳು ಮಾತ್ರ, "ಮಗು ಮುಖ ನೋಡಿದ್ಯಾ? ಕಣ್ಣು ಒಳಗೆ ಹೋಗಿದೆ. ಅವಳಿಗೆ ಇಷ್ಟವಾದದ್ದು ಏನಾದ್ರೂ ಮಾಡಿಕೊಡೇ," ಎಂದಳು.

ವಾರದ ರಜೆಯ ಬೆಳಗ್ಗೆ ತಾಯಿ ಸ್ಟೂಲು ಹತ್ತಿ ಮಿಕ್ಸಿ ಇಳಿಸಿದಳು.

ಮಗಳು ಮಾಡುವುದನ್ನು ಎಷ್ಟೋ ಸಲ ನೋಡಿದ್ದಳು, ಕೈ ಹಾಕಿದ್ದು ಇದೇ ಮೊದಲು. ಹಿಂದಿನ ಸಂಜೆಯೇ ಬಾಳೆಹಣ್ಣು ಹೆಚ್ಚಿ ಫ್ರೀಜರಿನಲ್ಲಿ ಇಟ್ಟಿದ್ದಳು. ಬಿಲ್ಲೆಗಳೆಲ್ಲ ಒಂದಕ್ಕೊಂದು ಅಂಟಿ ಇಟ್ಟಿಗೆಯಾಗಿದ್ದವು. ಅದನ್ನು ಚಾಕುವಿನಿಂದ ಕುಟ್ಟಿ ಒಡೆದಳು. ಮೊಸರು ಹಾಕಿದಳು. ಮಿಕ್ಸಿ ಒಂದು ಸುತ್ತು ತಿರುಗಿ ನಿಂತಿತು. ತಳ್ಳಿದಳು. ಮತ್ತೆ ನಿಂತಿತು. ಹಾಲು ಸುರಿದಳು. ಹೆಚ್ಚಾಯಿತು. ಮತ್ತಷ್ಟು ಹಣ್ಣು ಹಾಕಿದಳು. ಕೊನೆಗೆ ಬಟ್ಟಲಿಗೆ ಸುರಿದಾಗ ಅಲ್ಲಲ್ಲಿ ಗಂಟು, ಅಲ್ಲಲ್ಲಿ ನೀರು. ಮೇಲೆ ಬಾದಾಮಿ, ಬೀಜ, ಮಾವಿನ ಹೋಳು ಎಲ್ಲ ಉದುರಿಸಿದಳು. ಸಾಲು ನೆಟ್ಟಗೆ ಬರಲಿಲ್ಲ, ಎಲ್ಲ ಒಂದು ಮೂಲೆಗೆ ಜಾರಿ ಅರ್ಧ ಮುಳುಗಿದವು. ಅದನ್ನೇ ಹಿಡಿದು ಮಗಳ ಕೋಣೆಗೆ ಹೋದಳು.

"ಏಳೇ ಗುಬ್ಬಿ. ನಿನ್ನ ಸುಮತಿ ಬಂದಿದಾಳೆ. ರೂಪ ಸ್ವಲ್ಪ ಕೆಟ್ಟಿದೆ, ಗುಣ ಒಳ್ಳೇದು."

ಗುಬ್ಬಿ ಎದ್ದು ಕೂತಳು. ಬಟ್ಟಲನ್ನು ಕೈಗೆ ತೆಗೆದುಕೊಂಡಳು. ಚಮಚ ಅದ್ದಿ, ಎತ್ತಿ, ಓರೆ ಮಾಡಿದಳು. ಗಂಟು ಚಮಚದಲ್ಲೇ ಉಳಿದು ನೀರು ಮಾತ್ರ ತೊಟತೊಟ ಬಿತ್ತು.

"ಫ್ರೀಜರಿನ ಹಣ್ಣು ಹಾಕಿದ್ಯಾ ಅಮ್ಮ?"

"ಹೂಂ. ನಿನಗೆ ತಾನೆ? ನಿನಗೆ ಹಾಕ್ಬಹುದಲ್ಲ."

ಹುಡುಗಿಗೆ ಅಳು ಒತ್ತರಿಸಿ ಬಂತು. ಬಟ್ಟಲನ್ನು ಹಾಸಿಗೆಯ ಮೇಲಿಟ್ಟು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಏನಾಯ್ತೇ? ಬೇಡಾಂದ್ರೆ ಬಿಡು, ಬೇರೆ ಏನಾದ್ರೂ..."

"ನಾನೂ ಹಾಕ್ದೆ ಅಮ್ಮ. ಅವತ್ತು ನಾನೂ ಹಾಕ್ದೆ."

"ಯಾವತ್ತು?"

"ಪರೀಕ್ಷೆ ದಿನ. ತಾಜಾ ಹಣ್ಣು ಮುಗಿದಿತ್ತು. ಸಂಜೆ ತರಬೇಕಾಗಿತ್ತು, ಓದ್ತಾ ಮರೆತೆ. ಓಟ್ಸ್ ಬೇಯಿಸೋಕೂ ಹೊತ್ತಿರಲಿಲ್ಲ. ಫ್ರೀಜರಿಂದು ಹಾಕಿ ರುಬ್ಬಿದೆ. ಚಮಚ ಓರೆ ಮಾಡಿ ನೋಡ್ದೆ ಅಮ್ಮ, ಸರಿಯಾಗೇ ಬಿತ್ತು. ಗಟ್ಟಿಯಾಗೇ ಇತ್ತು. ಕರಗುತ್ತೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ, ಒಂದು ದಿನ ತಾನೆ ಅಂತ..." ಅವಳು ಕೆನ್ನೆಯನ್ನು ತೋಳಿಗೆ ಒರೆಸಿಕೊಂಡಳು. "ಅಜ್ಜಿ ಬ್ರೆಡ್ಡಿಂದ ಅಂದ್ರು. ನೀನು ಅಜ್ಜಿನ ಬೈದೆ. ನಾನು ಸುಮ್ನಿದ್ದೆ. ಇಷ್ಟು ದಿನಾನೂ ಸುಮ್ನಿದ್ದೆ."

ತಾಯಿ ಮಗಳನ್ನು ಬಾಚಿ ತಬ್ಬಿಕೊಂಡಳು. ತೆಕ್ಕೆಯಲ್ಲಿ ಮೂಳೆಗಳಷ್ಟೇ ಸಿಕ್ಕವು.

"ಅಲ್ಲ ಕಣೇ, ಅಲ್ಲ. ನಿನ್ನಿಂದ ಅಲ್ಲ. ಡಾಕ್ಟರೇ ಹೇಳಿದಾರೆ. ಎಂಜಲು ಇಳಿದ್ರೂ ಆಗುತ್ತಂತೆ. ಮುಂಚೆಯಿಂದ್ಲೇ ಇತ್ತಂತೆ. ಯಾವ ತುತ್ತಿನಿಂದ ಅಂತ ಯಾರಿಗೂ ಹೇಳೋಕಾಗಲ್ವಂತೆ. ನಿನ್ನ ಬಟ್ಲಿಂದಲ್ಲ, ಬ್ರೆಡ್ಡಿಂದಲೂ ಅಲ್ಲ."

ಗುಬ್ಬಿ ಅಳುತ್ತಲೇ ಕೇಳಿಸಿಕೊಂಡಳು. ಮೆಲ್ಲಗೆ ಅಳು ನಿಂತಿತು. ತಾಯಿಯ ತೋಳಿನಿಂದ ಹಿಂದೆ ಸರಿದಳು.

"ಬ್ರೆಡ್ಡಿಂದಲೂ ಅಲ್ಲ ಅಂದ್ರಾ?"

"ಹೂಂ."

"ಅಜ್ಜಿಗೆ ಹೇಳಿದ್ಯಾ?"

ತಾಯಿ ಮಗಳ ಕೆದರಿದ ಕೂದಲು ಸರಿಸಲು ಕೈ ಚಾಚಿದಳು.

"ಅಮ್ಮ, ಅಜ್ಜಿಗೆ ಹೇಳಿದ್ಯಾ?"

"ಇಲ್ಲ."

"ಯಾಕೆ?"

ಬಟ್ಟಲು ವಾಲಿ ಹಾಸಿಗೆಗೆ ಚೆಲ್ಲುತ್ತಿತ್ತು. ಇಬ್ಬರೂ ಅದನ್ನು ನೆಟ್ಟಗೆ ಮಾಡಲಿಲ್ಲ. ಗುಬ್ಬಿ ಬರಿಗಾಲಲ್ಲೇ ಎದ್ದು ಮೆಟ್ಟಿಲು ಹತ್ತಿದಳು. ತಾಯಿ ಹಿಂದೆ ಹೋದಳು, ಕೈಹಿಡಿದು ತಡೆಯುವಷ್ಟು ಹತ್ತಿರ ಇದ್ದರೂ ತಡೆಯಲಿಲ್ಲ.

ಮಹಡಿಯಲ್ಲಿ ಅತ್ತೆ ತಂತಿಗೆ ಬಟ್ಟೆ ಹಾಕುತ್ತಿದ್ದರು. ನೆರೆಮನೆಗಳ ನೀರಿನ ಟ್ಯಾಂಕುಗಳ ಮೇಲೆ ಬಿಸಿಲು ಬಿದ್ದು ಕಣ್ಣು ಕುಕ್ಕುತ್ತಿತ್ತು. ಗುಬ್ಬಿ ಹೋದವಳೇ ಅಜ್ಜಿಯ ಸೊಂಟ ಹಿಡಿದು, ಅವರ ಬೆನ್ನಿಗೆ ಮುಖ ಒತ್ತಿ ಎಲ್ಲವನ್ನೂ ಒದರಿದಳು: ಫ್ರೀಜರಿನ ಹಣ್ಣು, ಬೇಯಿಸದೆ ಬಿಟ್ಟ ಓಟ್ಸು, ಕಾರಿಡಾರಿನಲ್ಲಿ ಬಾಯಿ ಬಿಡದೆ ನಿಂತದ್ದು.

ಅತ್ತೆಯ ಕೈಯಲ್ಲಿ ಒದ್ದೆ ಟವೆಲ್ ಇತ್ತು. ಅದನ್ನು ತಂತಿಗೆ ಹಾಕಿ, ಎಳೆದು, ಕ್ಲಿಪ್ ಸಿಕ್ಕಿಸಿದ ಮೇಲೆ ತಿರುಗಿದರು.

"ಗೊತ್ತು ಮಗೂ."

"ಗೊತ್ತಾ?"

"ತಿನ್ನಿಸಿದವಳು ನಾನಲ್ವೇನೇ? ಅರ್ಧ ತಿನ್ನಿಸೋ ಹೊತ್ತಿಗೆ ನೀರಾಗಿ ಹೋಗಿತ್ತು. ಅವನು ಕೆಮ್ಮಿದ. ಮಿಕ್ಕಿದ್ದನ್ನ ಚೆಲ್ಲಿ ಬಟ್ಲು ತೊಳೆದಿಟ್ಟೆ. ಹಸಿದವನು ಹಾಗೇ ಇರ್ತಾನಲ್ಲ ಅಂತ ನೋಡ್ತಾ ಕೂತಿದ್ದೆ. ಆಗ ಬ್ರೆಡ್ಡು ಕೇಳ್ದ. ಕೊಟ್ಟೆ."

"ಹಾಗಾದ್ರೆ ಯಾಕೆ ಹೇಳ್ಲಿಲ್ಲ? ಅಮ್ಮ ನಿಮ್ಮನ್ನ ಅಷ್ಟು ಬೈದ್ಳಲ್ಲ!"

"ನನ್ನನ್ನ ಬೈದ್ರೆ ಏನೀಗ? ನಾನು ಎಷ್ಟು ದಿನ ಇರ್ತೀನಿ? ನಿನಗೆ ಇನ್ನೂ ಇಡೀ ಜೀವಮಾನ ಇದೆ. ಅದನ್ನ ಹೊತ್ಕೊಂಡು ಓಡಾಡ್ತೀಯಾ?" ಅವರು ಮೊಮ್ಮಗಳ ಕೆನ್ನೆಯನ್ನು ಸೆರಗಿನಿಂದ ಒರೆಸಿದರು. "ಕೊಟ್ಟಿದ್ದಂತೂ ನಿಜ ತಾನೆ? ಸುಳ್ಳೇನೂ ಹೇಳ್ಲಿಲ್ಲವಲ್ಲ ನಾನು."

"ಅಜ್ಜಿ, ಬ್ರೆಡ್ಡಿಂದಲೂ ಅಲ್ವಂತೆ. ಡಾಕ್ಟರು ಹೇಳಿದ್ರಂತೆ. ಯಾವುದರಿಂದ ಅಂತ್ಲೂ ಹೇಳೋಕಾಗಲ್ವಂತೆ. ಮುಂಚೆಯಿಂದ್ಲೇ ಇತ್ತಂತೆ."

ಅತ್ತೆಯ ಕೈ ಮೊಮ್ಮಗಳ ಕೆನ್ನೆಯ ಮೇಲೆ ಹಾಗೇ ನಿಂತಿತು. ಮೆಲ್ಲಗೆ ತಲೆ ಎತ್ತಿ, ಮೆಟ್ಟಿಲ ಬಾಗಿಲಲ್ಲಿ ನಿಂತಿದ್ದ ಸೊಸೆಯನ್ನು ನೋಡಿದರು.

"ಯಾವಾಗ ಹೇಳಿದ್ರು?"

ಸುಳ್ಳು ಹೇಳಬಹುದಿತ್ತು. ನಿನ್ನೆ ಸಿಕ್ಕಿದ್ದರು ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಯವರೆಗೂ ಬಂತು.

"ಅವತ್ತೇ," ಎಂದಳು ಸೊಸೆ. "ಅವರು ಹೋದ ಬೆಳಗ್ಗೆನೇ."

ಪಕ್ಕದ ಮನೆಯ ದರ್ಜಿಯ ಮೆಷಿನ್ನು ಓಡಿ ನಿಂತು ಮತ್ತೆ ಓಡಿತು.

"ಗುಬ್ಬಿ, ಕೆಳಗೆ ಹೋಗಿ ಸಾರು ಬಿಸಿಗಿಡು," ಎಂದರು ಅತ್ತೆ. "ಮೂರೂ ಜನಕ್ಕೆ ತಟ್ಟೆ ಹಾಕು. ನೀನೂ ಕೂರ್ಬೇಕು ಇವತ್ತು."

ಗುಬ್ಬಿ ಒಮ್ಮೆ ಅಜ್ಜಿಯನ್ನು, ಒಮ್ಮೆ ತಾಯಿಯನ್ನು ನೋಡಿ ಇಳಿದು ಹೋದಳು. ಅವಳ ಹೆಜ್ಜೆಯ ಸದ್ದು ಅಡಿಗೆಮನೆ ಸೇರುವವರೆಗೂ ಅತ್ತೆ ಕಾದರು.

"ಬೈರಿ ಅತ್ತೆ," ಎಂದಳು ಸೊಸೆ. "ಬೈದುಬಿಡಿ. ನಿಮಗೆ ನೋವಾಗ್ಲಿ ಅಂತ್ಲೇ ಹೇಳದೆ ಇಟ್ಕೊಂಡೆ. ನನ್ನ ಗಂಡ ಹೋದ್ರಲ್ಲ, ಯಾರಿಗಾದ್ರೂ ನೋವಾಗ್ಬೇಕಿತ್ತು."

ಅತ್ತೆ ಬಾಯಿ ತೆರೆದರು. ಬೈಯಲೆಂದೇ ತೆರೆದಿದ್ದರು, ಅವರ ಕುತ್ತಿಗೆಯ ನರ ಉಬ್ಬಿದ್ದು ಸೊಸೆಗೆ ಕಂಡಿತು. ತಂತಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡರು. ಅದು ಅವರ ಭಾರಕ್ಕೆ ಜಗ್ಗಿತು.

"ಅವನು ನನ್ನ ಮಗ ಕಣೇ," ಎಂದರು.

ಅಷ್ಟೇ ಹೇಳಿದ್ದು. ಸೊಸೆ ಅಲ್ಲೇ ಬಾಗಿಲಿಗೆ ಒರಗಿ ಕುಸಿದು ಕೂತಳು. ಅವನು ಹೋದ ಮೇಲೆ ಅವಳು ಅತ್ತದ್ದು ಅದೇ ಮೊದಲು. ಗಂಡನಿಗಾಗಿ ಅತ್ತಳೋ, ಅತ್ತೆಗಾಗಿಯೋ, ತಾನು ಮಾಡಿದ್ದಕ್ಕೋ, ಅವಳಿಗೇ ತಿಳಿಯಲಿಲ್ಲ. ಅತ್ತೆ ಹತ್ತಿರ ಬರಲಿಲ್ಲ. ಸಮಾಧಾನ ಮಾಡಲಿಲ್ಲ. ದೂರ ಹೋಗಲೂ ಇಲ್ಲ. ನೀರಿನ ಟ್ಯಾಂಕಿನ ನೆರಳಿನಲ್ಲಿ, ಸೊಸೆಗೆ ಎದುರಾಗಿ ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ನೆಲಕ್ಕೆ ಕೂತರು.

ಕೆಳಗಿನಿಂದ ಗುಬ್ಬಿ ಕೂಗಿದಳು. "ಬಡಿಸ್ಲಾ?"

ಇಬ್ಬರೂ ಓಗೊಡಲಿಲ್ಲ. ಅವಳು ಮತ್ತೆ ಕೂಗಿದಳು.